ಎಡಗೈ ಅಳತೆಯ ಹೊದಿಕೆ

ಮುಷ್ಟಿ ಹಿಡಿದುಕೊಂಡು ಹಸುವಿನ ಹತ್ತಿರ ಹೋಗಬಾರದು. ಹೊಡೆಯಲು ಬಂದರು ಅಂದುಕೊಂಡು ಅದು ಮೈಯೆಲ್ಲ ಬಿಗಿ ಮಾಡಿಕೊಳ್ಳುತ್ತದೆ. ಆಮೇಲೆ ಎಷ್ಟು ಹೊತ್ತು ಕೂತು ನೀವಿದರೂ ಹಾಲು ಇಳಿಸುವುದಿಲ್ಲ. ಇದು ನಮ್ಮೆಜಮಾನರ ಮಾತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಕೊಟ್ಟಿಗೆ ನೋಡಿಕೊಂಡು ಬರುವಿರಂತೆ ಬನ್ನಿ ಎಂದು ನಾನು ಕರೆದಾಗ ಅವರು ಹೇಳಿದ್ದು ಇಷ್ಟೇ. ಹೇಳಿ, ಎಡಗೈಯನ್ನು ಬಲಗೈಯಿಂದ ಎತ್ತಿ ತೋರಿಸಿದರು. ಐದು ಬೆರಳೂ ಅಂಗೈಯೊಳಗೆ ಮಡಚಿಕೊಂಡು ಕೂತಿದ್ದವು.

ಆಯುಧಪೂಜೆಗೆ ಕುಂಬಳಕಾಯಿ ಒಡೆದು ಇನ್ನೂ ವಾರ ಆಗಿರಲಿಲ್ಲ. ಬೆಳಿಗ್ಗೆ ಹಾಲು ಕರೆದು ಎದ್ದವರು ಹಾಗೇ ಗೋಡೆಗೆ ಒರಗಿದರು. ಕೈಯಲ್ಲಿದ್ದ ಚೊಂಬು ಜಾರಿತು. ಆಸ್ಪತ್ರೆಯವರು ಸ್ಟ್ರೋಕ್ ಅಂದರು, ನಾವು ಲಕ್ವ ಅನ್ನುತ್ತೇವೆ. ವಾಲಿದ್ದ ಬಾಯಿ ಸರಿಹೋಯಿತು. ಎಡಗಾಲು ಎಳೆದುಕೊಂಡು, ಕೋಲು ಹಿಡಿದು ನಡೆಯುವ ಮಟ್ಟಕ್ಕೆ ಬಂದರು. ಮಾತಿಗೆ ಏನೂ ಆಗಲಿಲ್ಲ. ಅದೊಂದು ಸ್ವಲ್ಪ ಕಡಿಮೆಯಾಗಿದ್ದರೂ ನನಗೇನೂ ಬೇಸರವಿರಲಿಲ್ಲ. ಎಡಗೈ ಮಾತ್ರ ಮುಚ್ಚಿಕೊಂಡೇ ಉಳಿಯಿತು. ಬಿಸಿ ಲೋಟ ತಗುಲಿಸಿದರೂ ಅದರ ಚರ್ಮಕ್ಕೆ ಗೊತ್ತಾಗುತ್ತಿರಲಿಲ್ಲ, ಬೆರಳು ಎಳೆದರೆ ಮಾತ್ರ ಕೀಲು ನೋಯುತ್ತಿತ್ತು.

ನಮ್ಮ ಮನೆ ಹೆಬ್ಬಗೋಡಿಯಲ್ಲಿ, ಹೊಸೂರು ರಸ್ತೆಯಿಂದ ಒಳಗೆ. ನಾನು ಸೊಸೆಯಾಗಿ ಬಂದಾಗ ಸುತ್ತ ರಾಗಿ ಹೊಲ. ಈಗ ಅದೇ ಜಾಗದಲ್ಲಿ ನಾವು ಕಟ್ಟಿಸಿದ ಒಂದೊಂದು ರೂಮಿನ ಬಾಡಿಗೆ ಮನೆಗಳ ಕಟ್ಟಡ. ಗಾರ್ಮೆಂಟ್ಸಿನವರು, ಗಾರೆ ಕೆಲಸದವರು, ಕಂಪನಿ ಸೆಕ್ಯುರಿಟಿಯವರು ಇದ್ದಾರೆ. ಕಟ್ಟಡದ ಹಿಂದೆ ಶೀಟು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಒಂದೇ ಒಂದು ಹಸು, ಅದರ ಕರು. ಬೀದಿಯಲ್ಲಿ ಉಳಿದಿರುವ ಹಸು ಅದೊಂದೇ. ಹಸು ಇರೋ ಬಿಲ್ಡಿಂಗು ಅಂದರೆ ಆಟೋದವರು ನೇರ ತಂದು ಬಿಡುತ್ತಾರೆ.

ಆ ಹಸು ನಮ್ಮೆಜಮಾನರ ಕೈಗೆ ಬಿಟ್ಟು ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ. ಕರುವಾಗಿದ್ದಾಗಿನಿಂದ ಅವರೇ ಮೈ ತಿಕ್ಕಿ ಬೆಳೆಸಿದ್ದು. ಕರೆಯಲು ಕೂರುವ ಮೊದಲು ಎಡಗೈಯನ್ನು ಅದರ ಹೊಟ್ಟೆಯ ಮೇಲೆ ಇಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಅದು ಕತ್ತು ತಿರುಗಿಸಿ ನೋಡಿ, ಉಸಿರು ಬಿಟ್ಟು, ಹಾಲು ಇಳಿಸುತ್ತಿತ್ತು. ಅವರು ಮಲಗಿದ ಮೇಲೆ ನಾನು ಕೂತೆ. ಹಸು ಕರೆಯುವುದು ನನಗೇನು ಹೊಸದಲ್ಲ. ಆದರೂ ಅದು ಒದೆಯಿತು, ಬಾಲದಲ್ಲಿ ಮುಖಕ್ಕೆ ಹೊಡೆಯಿತು, ಇದ್ದ ಹಾಲನ್ನೆಲ್ಲ ಮೇಲಕ್ಕೆ ಎಳೆದುಕೊಂಡು ನಿಂತಿತು. ಚೊಂಬಿನ ತಳ ಮುಚ್ಚುವಷ್ಟು ಬಂದರೆ ಹೆಚ್ಚು. ಉಳಿದದ್ದು ಕರು ಕುಡಿಯಿತು. ಕರು ದಪ್ಪಗಾಯಿತು, ನಾನು ಮಂಡಿ ನೋವಿನಲ್ಲಿ ಸಣ್ಣಗಾದೆ.

ನನ್ನ ಮಗ ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತಾನೆ. ಮೇಲಿನ ಮಹಡಿಯಲ್ಲೇ ಸಂಸಾರ. ಒಂದು ದಿನ ಊಟಕ್ಕೆ ಕೂತಾಗ ಹೇಳಿದ.

"ಅಮ್ಮ, ಸಂಕ್ರಾಂತಿ ಆಗ್ಲಿ. ಆಮೇಲೆ ಹಸು ಕೊಟ್ಬಿಡೋಣ. ಆನೇಕಲ್ ಕಡೆಯೋರು ಕೇಳ್ತಾ ಇದಾರೆ, ಚೆನ್ನಾಗಿ ನೋಡ್ಕೋತಾರೆ."

"ನಿಮ್ಮಪ್ಪನ್ನ ಕೇಳು."

"ನೀನೇ ಕೇಳು. ನಂಗಾಗಲ್ಲ."

ಅವನು ತಪ್ಪೇನೂ ಹೇಳಿರಲಿಲ್ಲ. ಕರೆಯುವವರಿಲ್ಲದ ಹಸುವನ್ನು ಕಟ್ಟಿಕೊಂಡು ಪೂಜೆ ಮಾಡಲಾಗುತ್ತದೆಯೇ? ಒಳಗೆ ಮಂಚದ ಮೇಲೆ ಮಲಗಿದ್ದವರಿಗೆ ಎಲ್ಲ ಕೇಳಿಸಿತ್ತು. ನಾನು ತಟ್ಟೆ ತೆಗೆದುಕೊಂಡು ಹೋದಾಗ ಗೋಡೆ ಕಡೆ ತಿರುಗಿಕೊಂಡಿದ್ದರು.

"ಸಂಕ್ರಾಂತಿ ಗಂಟ ಟೈಮ್ ಐತಲ್ಲ," ಅಂದರು. "ಕೈ ಬಿಚ್ಚಿದ್ರೆ ನಾನೇ ಓಗ್ತೀನಿ ಕೊಟ್ಟಿಗೆಗೆ. ಬಿಚ್ಚದೆ ಓದ್ರೆ ಕೊಟ್ಬುಡಿ."

ವಾರಕ್ಕೆರಡು ಸಲ ಒಬ್ಬಳು ಫಿಸಿಯೋ ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ಒಳ್ಳೆಯ ಹುಡುಗಿ, ಬಂದ ಕೂಡಲೇ ಕೈ ತೊಳೆದು ಕೆಲಸಕ್ಕೆ ಕೂರುತ್ತಿದ್ದಳು. ಮುಷ್ಟಿ ಬಿಡಿಸುವುದು ಹೇಗೆಂದು ನನಗೂ ಕಲಿಸಿದಳು. ಎಳೆಯಬಾರದು. ಮಣಿಕಟ್ಟನ್ನು ಒಳಗೆ ಬಾಗಿಸಿ, ಮೊದಲು ಹೆಬ್ಬೆರಳನ್ನು ಹೊರಗೆ ತೆಗೆದು, ಆಮೇಲೆ ಒಂದೊಂದೇ ಬೆರಳು. ಬಿಚ್ಚಿದ ಕೈಯನ್ನು ಬೇರೆ ಬೇರೆ ಥರದ ವಸ್ತುವಿನ ಮೇಲೆ ಒತ್ತಿ ಹಿಡಿಯಬೇಕು. ಒರಟು, ನುಣುಪು, ಉಬ್ಬು, ತಗ್ಗು. ಕೈಗೆ ಮುಟ್ಟಿದ್ದು ಏನೆಂದು ತಿಳಿಯತೊಡಗಿದರೆ ಬೆರಳಿಗೂ ಬುದ್ಧಿ ಬರುತ್ತದೆ ಎಂದಳು. ಒಂದು ಚೀಲದಲ್ಲಿ ಉಪ್ಪು ಕಾಗದ, ಮಖಮಲ್ಲಿನ ಚೂರು, ಹಲ್ಲುಜ್ಜುವ ಬ್ರಷ್ಷು ಎಲ್ಲ ಇಟ್ಟು ಕೊಟ್ಟು ಹೋದಳು.

ಅವಳ ಸ್ಕೂಟರಿನ ಸದ್ದು ಬೀದಿ ದಾಟುವುದಕ್ಕೆ ಮೊದಲೇ ನಮ್ಮೆಜಮಾನರು ಆ ಚೀಲವನ್ನು ಬಲಗೈಯಲ್ಲಿ ಎತ್ತಿ ಬಾಗಿಲಾಚೆ ಎಸೆದರು.

"ನಾನೇನು ಮಗೂನಾ? ಗಿಲಕಿ ಆಡ್ಸಾಕೆ ಬಂದವ್ಳೆ."

"ಮಗು ಆಗಿದ್ರೆ ಎರಡೇಟು ಕೊಡಬಹುದಿತ್ತು," ಎಂದು ನಾನು ಹೋಗಿ ಬ್ರಷ್ಷು ಹೆಕ್ಕಿಕೊಂಡು ಬಂದೆ.

ಬೈದದ್ದು ಬೈದೆ. ಆದರೆ ಅವರು ಹೇಳಿದ್ದರಲ್ಲೂ ಒಂದಷ್ಟು ನ್ಯಾಯ ಇತ್ತು. ಜೀವಮಾನವೆಲ್ಲ ಮಣ್ಣು, ಹಗ್ಗ, ಹುಲ್ಲು, ಹಸುವಿನ ಮೈ ಮುಟ್ಟಿದ ಕೈಗೆ ಮಖಮಲ್ಲಿನ ಚೂರು ಕೊಟ್ಟರೆ ಅದು ಏನೆಂದು ಹೇಳೀತು? ಅದೇ ಯೋಚನೆಯಲ್ಲಿ ಬೀರು ತೆಗೆದು ನನ್ನ ಹಳೆಯ ಕ್ರೋಷ ಕಡ್ಡಿ ಹುಡುಕಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಮಗ ಚಿಕ್ಕವನಿದ್ದಾಗ ಊರಿನ ಮಹಿಳಾ ಮಂಡಳಿಗೆ ಒಬ್ಬರು ಟೀಚರಮ್ಮ ಬಂದು ಕ್ರೋಷ ಹೇಳಿಕೊಟ್ಟರು. ಅಂಗೈಯುದ್ದದ ಕಡ್ಡಿ, ತುದಿಯಲ್ಲಿ ಸಣ್ಣ ಕೊಕ್ಕೆ. ಅದರಲ್ಲಿ ದಾರ ಎಳೆದು, ಕುಣಿಕೆಯೊಳಗೆ ಕುಣಿಕೆ ಹಾಕಿಕೊಂಡು ಹೋಗುವುದು. ಆ ಹುಚ್ಚು ಹಿಡಿದಿದ್ದಾಗ ನಮ್ಮ ಮನೆಯಲ್ಲಿ ಬರಿಮೈಯಲ್ಲಿದ್ದ ವಸ್ತು ಒಂದೂ ಇರಲಿಲ್ಲ. ಟಿವಿಗೆ ಕವರು, ರೇಡಿಯೋಗೆ ಕವರು, ನೀರಿನ ಬಿಂದಿಗೆಗೆ ಕವರು, ಬಾಗಿಲಿಗೆ ತೋರಣ. ಆಮೇಲೆ ಗೋಡೆಗೆ ಅಂಟಿಕೊಳ್ಳುವ ತೆಳ್ಳಗಿನ ಟಿವಿ ಬಂತು. ಅದಕ್ಕೆ ಕವರು ಹಾಕಲು ತಲೆಯೇ ಇಲ್ಲ. ಅವತ್ತು ಬಿಟ್ಟ ಕಡ್ಡಿಯನ್ನು ಈಗ ತೆಗೆದೆ. ತುಕ್ಕು ಹಿಡಿದಿರಲಿಲ್ಲ. ನನ್ನ ಬೆರಳೇ ಸ್ವಲ್ಪ ಹಿಡಿದಿತ್ತು.

ಒಂದು ಹೊದಿಕೆ ಮಾಡುವುದೆಂದು ಲೆಕ್ಕ ಹಾಕಿದೆ. ತೊಡೆಯ ಮೇಲೆ ಹಾಸಿದರೆ ಎಸೆಯಲು ಆಗಬಾರದು, ಅಷ್ಟು ದೊಡ್ಡದು. ಒಂದೇ ಸಲಕ್ಕೆ ಅಷ್ಟು ಹೆಣೆಯಲು ನನಗೆ ತಾಳ್ಮೆ ಇಲ್ಲ. ಹಾಗಾಗಿ ಬಿಡಿ ಬಿಡಿ ಚೌಕ. ಒಂದೊಂದು ಚೌಕವೂ ಕೈಗೆ ಒಂದೊಂದು ಥರ ಸಿಗಬೇಕು. ಉತ್ತ ಹೊಲದ ಸಾಲಿನ ಹಾಗೆ ಏಣು ಏಣಾಗಿ ಒಂದು. ಅವರೆಕಾಳು ಚೆಲ್ಲಿದ ಹಾಗೆ ಗುಂಡು ಗುಂಡು ಉಬ್ಬು ಇರುವುದೊಂದು. ಮಂಕರಿಯ ಹೆಣಿಗೆಯಂತೆ ಅಡ್ಡ ಉದ್ದ ಒಂದು. ಹುರಿ ಹಗ್ಗ ಮಲಗಿಸಿದಂತೆ ಒಂದು. ಜರಡಿಯಂತೆ ತೂತು ತೂತಾಗಿ ಒಂದು. ಕುರಿಯ ಮೈಯಂತೆ ದಾರ ಜೋತುಬಿದ್ದಿರುವುದು ಒಂದು.

ಇನ್ನು ಅಳತೆ. ಕ್ರೋಷದಲ್ಲಿ ಮೊದಲು ಸರಪಳಿ ಹಾಕಬೇಕು. ಆ ಸರಪಳಿ ಎಷ್ಟು ಉದ್ದವೋ ಚೌಕ ಅಷ್ಟು ಅಗಲ. ಟೀಚರಮ್ಮ ಆಗಲೇ ಹೇಳಿದ್ದರು, ಮೊದಲನೇ ಚೌಕವನ್ನು ಪಕ್ಕದಲ್ಲಿಟ್ಟುಕೊಂಡು ಅದರ ಅಳತೆಗೇ ಉಳಿದದ್ದೆಲ್ಲ ಮಾಡಬೇಕು ಎಂದು. ನಾನು ಅದನ್ನು ಯಾವತ್ತೂ ಕೇಳಿದವಳಲ್ಲ. ನಮ್ಮಲ್ಲಿ ಗೇಣು ಹಾಕಿ ಅಳೆಯುವುದೇ ವಾಡಿಕೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಒಂದು ಗೇಣು. ಹೂವಿನ ಮಾಲೆಯಿಂದ ಹಿಡಿದು ಬಾವಿ ಹಗ್ಗದವರೆಗೆ ಎಲ್ಲಕ್ಕೂ ಅದೇ. ಇಲ್ಲಿ ಚೌಕದ ಮೇಲೆ ಕೂರಬೇಕಾದದ್ದು ಅವರ ಕೈ ಅಲ್ಲವೇ? ಅವರ ಗೇಣನ್ನೇ ಅಳತೆ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಆ ಮುಷ್ಟಿ ಬಿಡಿಸಿ, ನೋವು ಅನ್ನುವವರೆಗೆ ಬೆರಳು ಹರಡಿ, ಆ ಹರಡಿದ ಕೈಯ ಮೇಲೆ ಸರಪಳಿ ಎಳೆದು ನೋಡಿ, ಸಾಕು ಅಂದಲ್ಲಿಂದ ಮೇಲಕ್ಕೆ ಹೆಣೆಯಲು ಶುರು ಮಾಡುತ್ತಿದ್ದೆ.

ಮೊದಲ ದಿನ ಅಳೆದಾಗ ಅದು ಗೇಣೂ ಆಗಿರಲಿಲ್ಲ, ಚೋಟೂ ಆಗಿರಲಿಲ್ಲ. ರಾಗಿರೊಟ್ಟಿಗೆ ಹಿಟ್ಟಿನ ಉಂಡೆ ತಟ್ಟಲು ಶುರು ಮಾಡಿ ಅರ್ಧಕ್ಕೆ ಬಿಟ್ಟಷ್ಟು.

"ಅಯ್ಯಪ್ಪಾ! ಬೆರಳು ಕೀಳ್ತಿಯೇನೇ?"

"ಕಿತ್ರೆ ಇನ್ನೂ ಸುಲಭ. ಸುಮ್ನಿರಿ, ಅಳತೆ ತಪ್ಪುತ್ತೆ."

"ಏನಕ್ಕಿದು?"

"ನಿಮಗೆ ಕೌಪೀನ."

ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕಿದ್ದು ಅದೇ ಮೊದಲು. ನಗುವಾಗ ಬಾಯಿಯ ಎಡಪಕ್ಕ ಸ್ವಲ್ಪ ಹಿಂದೆ ಬೀಳುತ್ತದೆ ಎಂದು ಆಗ ಗೊತ್ತಾಯಿತು.

ಎರಡನೇ ಮಹಡಿಯಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳು ಬಾಡಿಗೆಗೆ ಇದ್ದಾಳೆ. ಗಂಡ ಸೆಂಟ್ರಿಂಗ್ ಕೆಲಸ, ಇವಳು ಗಾರ್ಮೆಂಟ್ಸು. ಅವರ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ, ನನ್ನನ್ನೂ ಹಾಗೇ ಕರೆಯುತ್ತಾಳೆ. ಭಾನುವಾರ ನೀರು ಹಿಡಿಯಲು ಇಳಿದವಳು ಜಗುಲಿಯಲ್ಲಿ ನನ್ನ ಪಕ್ಕ ಕೂತಳು.

"ಏನ್ ಮಾಡಾಕತ್ತೀರಿ ಆಯಿ? ಕೌದಿ ಏನ್ರಿ?"

"ಕೌದಿ ಅಲ್ಲ ಕಣಮ್ಮ. ಕೌದಿ ಹಳೇ ಸೀರೆ ಚೂರಿನದು. ಇದು ದಾರದ್ದು."

"ಚೂರು ಕೂಡಿಸಿದ್ರ ಕೌದೀನ ರೀ. ನಮ್ಮವ್ವ ಹಾಕ್ತಿದ್ಲು, ಮನೀಗೊಂದು ಕೌದಿ." ಅವರೆಕಾಳಿನ ಉಬ್ಬು ಇರುವ ಚೌಕವನ್ನು ಎತ್ತಿ ಕೆನ್ನೆಗೆ ಒತ್ತಿ ನೋಡಿದಳು. "ಅಯ್ಯ, ಇದು ಚುಚ್ಚತೈತಿ!"

"ಚುಚ್ಚಲಿ ಅಂತಾನೇ ಮಾಡಿರೋದು. ಮುದುಕನಿಗೆ ಎಚ್ಚರ ಆಗಬೇಕು."

ವಿಷಯ ಪೂರಾ ಹೇಳಿದೆ. ಕೈ, ಮುಷ್ಟಿ, ಹಸು, ಸಂಕ್ರಾಂತಿ. ಅಯ್ಯೋ ಪಾಪ ಅನ್ನಲಿಲ್ಲ, ಅದಕ್ಕೇ ಅವಳು ನನಗೆ ಹಿಡಿಸುವುದು. ಮುಂದಿನ ವಾರ ಗುಜರಿ ಅಂಗಡಿಯಿಂದ ಒಂದು ಚೀಲ ಬನಿಯನ್ ಬಟ್ಟೆಯ ಪಟ್ಟಿ ತಂದು ಹಾಕಿದಳು. ಗಾರ್ಮೆಂಟ್ಸಿನಲ್ಲಿ ಕತ್ತರಿಸಿ ಉಳಿದ ಅಂಚು ಅಲ್ಲಿಗೆ ಬರುತ್ತದಂತೆ. ಎಳೆದರೆ ಸುರುಳಿ ಸುತ್ತಿಕೊಂಡು ಹುರಿಯಂತೆ ಆಗುವ ಪಟ್ಟಿ. ಅದರಲ್ಲಿ ಹೆಣೆದ ಚೌಕ ಮೆತ್ತಗೆ, ದಪ್ಪಗೆ, ಕರುವಿನ ಕಿವಿಯ ಹಾಗೆ ಬಂತು. ಮೂಟೆ ಕಟ್ಟುವ ಸೆಣಬಿನ ದಾರದಲ್ಲಿ ಒಂದು ಮಾಡಿದೆ, ಅದು ಹಸುವಿನ ನಾಲಿಗೆಯ ಹಾಗೆ. ದೀಪದ ಬತ್ತಿಯ ನೂಲು ಸೇರಿಸಿ ಒಂದು. ಉಳಿದದ್ದಕ್ಕೆಲ್ಲ ಉಲ್ಲನ್.

ದಿನಾ ಮಧ್ಯಾಹ್ನ ಊಟ ಆದ ಮೇಲೆ ಅವರ ಪರೀಕ್ಷೆ. ಕಣ್ಣು ಮುಚ್ಚಿಕೊಂಡು, ಎಡಗೈ ಕೆಳಗೆ ಇರುವುದು ಯಾವ ಚೌಕ ಎಂದು ಹೇಳಬೇಕು. ಮೊದಮೊದಲು ಓರೆಗಣ್ಣಲ್ಲಿ ನೋಡಿ ಹೇಳುತ್ತಿದ್ದರು. ನನಗೆ ಗೊತ್ತಾಗಿ ತಲೆಯ ಮೇಲೆ ಟವಲ್ ಹಾಕಿದೆ.

"ಹೇಳಿ, ಏನಿದು?"

"ಬಟ್ಟೆ."

"ಬಟ್ಟೆ ಅಂತ ನಂಗೂ ಗೊತ್ತು. ಎಂಥಾ ಬಟ್ಟೆ?"

"ನಿನ್ ಮುಖದಂಗೈತೆ. ಗಂಟು ಗಂಟು."

ಅವರೆಕಾಳಿನ ಚೌಕವೇ ಇತ್ತು. ಸರಿಯಾಗಿ ಹೇಳಿದ್ದರಿಂದ ಬೈಯಲು ಬರಲಿಲ್ಲ. ಆದರೆ ಮುಂದಿನ ದಿನಗಳಲ್ಲಿ ಸೆಣಬಿನದಕ್ಕೂ ಗಂಟು ಗಂಟು ಅಂದರು, ಬನಿಯನ್ನಿನದಕ್ಕೂ ಅದೇ. ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ ಅಂದುಕೊಂಡೆ. ಫಿಸಿಯೋ ಹುಡುಗಿ ಬಂದಾಗಲೆಲ್ಲ, "ಇಂಪ್ರೂವ್ ಆಗ್ತಾ ಇದೆ ತಾತ, ಸೂಪರ್," ಅನ್ನುತ್ತಿದ್ದಳು. ಅವಳು ಹೋದ ಮೇಲೆ ಇವರು ಬಾಯಿ ಸೊಟ್ಟ ಮಾಡುತ್ತಿದ್ದರು.

"ಎಲ್ರಿಗೂ ಅಂಗೇ ಏಳ್ತಾಳೆ. ಸಾಯೋರಿಗೂ ಸೂಪರ್ ಅಂತಾಳೆ."

ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ದಿನಾ ನೋಡುವ ಕಣ್ಣಿಗೆ ಏನೂ ಕಾಣುವುದಿಲ್ಲ. ನನಗೆ ಕಾಣುತ್ತಿದ್ದದ್ದು ಮುಚ್ಚಿದ ಕೈ. ಬೆಳಿಗ್ಗೆ ಬಿಡಿಸಬೇಕು, ಸರಪಳಿ ಅಳೆಯಬೇಕು, ಮತ್ತೆ ಅದು ನಿಧಾನಕ್ಕೆ ಮುಚ್ಚಿಕೊಳ್ಳಬೇಕು. ಮುಗಿದ ಚೌಕವನ್ನು ಅವರ ಪರೀಕ್ಷೆಗೆ ಒಂದೆರಡು ದಿನ ಇಟ್ಟುಕೊಂಡು ಆಮೇಲೆ ಅಕ್ಕಿ ಚೀಲದೊಳಗೆ ಹಾಕುತ್ತಿದ್ದೆ. ಒಂದರ ಮೇಲೊಂದು ಬಿತ್ತು. ಒಂದರ ಪಕ್ಕ ಒಂದಿಟ್ಟು ನೋಡಲೇ ಇಲ್ಲ.

ಧನುರ್ಮಾಸದ ಚಳಿ ಹಿಡಿಯಿತು. ಅವರೆಕಾಯಿ ಬಂತು, ಹಿತಕವರೆ ಸಾರಿನ ವಾಸನೆ ರೂಮು ರೂಮಿಗೂ ಹರಡಿತು. ಸಂಕ್ರಾಂತಿಗೆ ಇನ್ನು ಬಹಳ ದಿನ ಇರಲಿಲ್ಲ. ಆನೇಕಲ್ಲಿನವರು ಒಂದು ಸಂಜೆ ಬಂದು ಹಸು ನೋಡಿಕೊಂಡು ಹೋದರು. ಹಲ್ಲು ನೋಡಿದರು, ಕೆಚ್ಚಲು ನೋಡಿದರು, ಬಾಲ ಎತ್ತಿ ನೋಡಿದರು. ಹಬ್ಬ ಕಳೆದು ಗಾಡಿ ತರುತ್ತೇವೆ ಅಂದರು. ನಮ್ಮೆಜಮಾನರು ಹೊರಗೆ ಬರಲಿಲ್ಲ. ಮಂಚದ ಮೇಲೆ ಕೂತು, ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು, ಕಿಟಕಿ ಕಡೆ ನೋಡುತ್ತಿದ್ದರು.

ಮರುದಿನ ಭಾನುವಾರ. ಹೊದಿಕೆಯನ್ನಾದರೂ ಮುಗಿಸೋಣ ಎಂದು ಅಕ್ಕಿ ಚೀಲ ಹೊತ್ತುಕೊಂಡು ತಾರಸಿಗೆ ಹೋದೆ. ಬಾಡಿಗೆಯವರ ಬಟ್ಟೆ ಒಣಗುತ್ತಿದ್ದವು. ಅವುಗಳ ನಡುವೆ ಜಾಗ ಮಾಡಿ ಚಾಪೆ ಹಾಸಿ, ಚೌಕಗಳನ್ನು ಸುರಿದು ಸಾಲಾಗಿ ಜೋಡಿಸತೊಡಗಿದೆ. ಎರಡನೇ ಸಾಲಿಗೇ ಕೆಟ್ಟಿತು. ಒಂದು ಚೌಕ ಪಕ್ಕದ್ದಕ್ಕಿಂತ ಗಿಡ್ಡ. ಇನ್ನೊಂದು ಆಚೆಗೆ ಚಾಚಿಕೊಂಡಿದೆ. ಮೂಲೆಗೆ ಮೂಲೆ ಕೂಡುವುದಿಲ್ಲ. ಎಳೆದು ಹಿಗ್ಗಿಸಿ ನೋಡಿದೆ, ಆಗಲಿಲ್ಲ. ಇಷ್ಟು ದಿನದ ಕೆಲಸ ಚಾಪೆಯ ಮೇಲೆ ಹುಡುಗರು ಹರಿದ ಪುಸ್ತಕದ ಹಾಗೆ ಬಿದ್ದಿತ್ತು. ವಯಸ್ಸಾಯಿತು, ನನ್ನ ಕೈ ಸಡಿಲ ಆಗಿದೆ, ಒಂದು ದಿನ ಬಿಗಿ ಒಂದು ದಿನ ಜಾಳು ಹಾಕಿದ್ದೇನೆ ಅಂದುಕೊಂಡೆ. ಸಿಟ್ಟು ಬಂದು ಕಾಲಲ್ಲಿ ಚಾಪೆಯನ್ನು ಒತ್ತಟ್ಟಿಗೆ ತಳ್ಳಿದೆ.

ಯಾದಗಿರಿಯವಳು ಬಟ್ಟೆ ತೆಗೆಯಲು ಬಂದವಳು ನೋಡಿ ಬಕೆಟ್ಟು ಕೆಳಗಿಟ್ಟು ಕೂತಳು. ಸಣ್ಣವನ್ನೆಲ್ಲ ಒಂದು ಕಡೆ, ದೊಡ್ಡವನ್ನೆಲ್ಲ ಒಂದು ಕಡೆ ಮಾಡಿದಳು.

"ಆಯಿ, ಇವು ಮೊದಲು ಮಾಡಿದ್ವಲ್ಲರಿ? ನಾ ಅವತ್ತು ಕೆನ್ನೀಗೆ ಒತ್ತಿದ್ದು ಇದಾ ನೋಡ್ರಿ." ಅವರೆಕಾಳಿನ ಚೌಕ ಸಣ್ಣವುಗಳ ಗುಂಪಿನಲ್ಲಿತ್ತು.

"ಹೌದು."

"ನಾ ಪಟ್ಟಿ ತಂದ ಮ್ಯಾಲೆ ಮಾಡಿದ್ದು ಇವು. ಇವು ನಡುವಿನವು. ಆ ನೀಲಿ ಉಲ್ಲನ್ದು ಮೊನ್ನೆ ಮೊನ್ನೆ ಮಾಡಿದ್ರಿ, ಅವು ದೊಡ್ಡವು." ಚೌಕಗಳನ್ನು ಮಾಡಿದ ಕ್ರಮದಲ್ಲೇ ಉದ್ದಕ್ಕೆ ಇಡುತ್ತಾ ಹೋದಳು. ಮೆಟ್ಟಿಲಿನ ಹಾಗೆ ಏರುತ್ತಾ ಹೋಯಿತು. "ಕೈ ಸಡಿಲ ಆಗಿದ್ರ ಹಿಂಗ ವರಸಿಗೆ ಬರಂಗಿಲ್ರಿ. ಅಳತಿ ಯಾತರದು ಇಟ್ಟಿದ್ರಿ?"

"ನಮ್ಮೆಜಮಾನರ ಕೈದು."

"ಯಾವ ಕೈ?"

ನಾನು ನನ್ನ ಎಡಗೈ ಎತ್ತಿ ಬೆರಳು ಹರಡಿ ತೋರಿಸಿದೆ.

ಆಮೇಲೆ ಅವಳೇ ನಗಲು ಶುರು ಮಾಡಿದಳು. "ಆಯಿ, ಬೆಳೆಯೋ ಕೂಸಿನ ಕಾಲು ದಿನಾ ಅಳದು ಚಪ್ಪಲ್ ತಂದು, ಎಲ್ಲಾ ಒಂದಾ ಸೈಜ್ ಯಾಕಿಲ್ಲ ಅಂದಂಗ ಆತ್ ನೋಡ್ರಿ!"

ನನಗೂ ನಗು ಬಂತು. ದಿನಾ ಬೆಳಿಗ್ಗೆ ಆ ಕೈ ಹಿಡಿದು ಅಳೆದವಳು ನಾನು. ಮೊದಮೊದಲು ಒಂದೊಂದೇ ಬೆರಳು ಬಿಡಿಸುತ್ತಿದ್ದೆ. ಈಚೀಚೆಗೆ ಹೆಬ್ಬೆರಳು ತೆಗೆದರೆ ಉಳಿದವು ತಾವೇ ಹಿಂದೆ ಬರುತ್ತಿದ್ದವು. ಅಯ್ಯಪ್ಪಾ ಅನ್ನುವುದೂ ನಿಂತಿತ್ತು. ಯಾವತ್ತಿನಿಂದ ನಿಂತಿತು ಎಂದು ಕೇಳಿದರೆ ಹೇಳಲಾರೆ. ನನ್ನ ಕಣ್ಣು ಸರಪಳಿಯ ಮೇಲಿತ್ತೇ ಹೊರತು ಕೈಯ ಮೇಲೆ ಇರಲಿಲ್ಲ.

ಹೊರಡುವ ಮೊದಲು ಇನ್ನೊಂದು ಕಂಡಿತು. ಸಾಲಿನ ಕೊನೆಯ ಕಡೆಯ ಒಂದಷ್ಟು ಚೌಕಗಳು ಎಲ್ಲ ಒಂದೇ ಸಮ ಇದ್ದವು. ಮೆಟ್ಟಿಲು ಅಲ್ಲಿಗೆ ನಿಂತು ಜಗುಲಿಯಾಗಿತ್ತು. ಅದರ ಅರ್ಥ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ನೋಡಿದಳೋ ಇಲ್ಲವೋ. ನಾನು ಆ ಕೊನೆಯವನ್ನು ಮೊದಲು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಕೆಳಗೆ ಬಂದು ಮಂಚದ ಮೇಲೆ ಅವರ ಮುಂದೆ ಮೊದಲನೆಯ ಚೌಕ ಇಟ್ಟೆ. ಉತ್ತ ಹೊಲದ ಸಾಲಿನ ಚೌಕ.

"ಇದರ ಮೇಲೆ ಕೈ ಇಡಿ."

"ಟವಲ್ ಬ್ಯಾಡ್ವಾ?"

"ಬೇಡ. ನೋಡ್ಕೊಂಡೇ ಇಡಿ. ನಾನು ಬಿಡಿಸಲ್ಲ, ನೀವೇ ಇಡಿ."

ಬೆರಳುಗಳು ಸುಮಾರು ಹೊತ್ತು ಯೋಚನೆ ಮಾಡಿದವು. ಹೆಬ್ಬೆರಳು ಮೊದಲು ಹೊರಟಿತು. ಆಮೇಲೆ ತೋರುಬೆರಳು, ಆಮೇಲೆ ಉಳಿದ ಮೂರು ಒಟ್ಟಿಗೆ. ಕೈ ಚೌಕದ ಮೇಲೆ ಕೂತಿತು. ಹೆಬ್ಬೆರಳು ಆ ಅಂಚು ದಾಟಿತ್ತು, ಕಿರುಬೆರಳು ಈ ಅಂಚು ದಾಟಿ ಹಾಸಿಗೆಯ ಮೇಲಿತ್ತು. ಅವರು ನೋಡಿದರು. ನನ್ನ ಮುಖ ನೋಡಿದರು.

"ಇದ್ಯಾಕೆ ಇಷ್ಟು ಚಿಕ್ಕದು ಮಾಡಿದ್ದೀ?"

"ನಿಮ್ಮ ಕೈಯಳತೆಗೇ ಮಾಡಿದ್ದು. ಮೊದಲನೇ ದಿನದ್ದು ಅದು."

ಚೌಕವನ್ನೂ ಕೈಯನ್ನೂ ಅವರು ಎಷ್ಟೋ ಹೊತ್ತು ನೋಡಿದರು. ಕಣ್ಣೀರು ಗಿಣ್ಣೀರು ಏನೂ ಬರಲಿಲ್ಲ, ನಮ್ಮಿಬ್ಬರಿಗೂ ಆ ಅಭ್ಯಾಸ ಇಲ್ಲ. ಬೆರಳಿನಿಂದ ಆ ಸಾಲುಗಳ ಮೇಲೆ ನಿಧಾನಕ್ಕೆ ಎಳೆದರು.

"ಸಾಲು," ಅಂದರು. "ಮೇಲಿಂದ ಕೆಳಕ್ಕೆ. ಉತ್ತಂಗೈತೆ." ಆಮೇಲೆ, "ಅಸೂಗೆ ಉಲ್ಲು ಆಕಿದ್ಯಾ?"

ಮಾರನೆಯ ಬೆಳಿಗ್ಗೆ ನಾನು ಚೊಂಬು ತೊಳೆದು ಹೊರಡುವಾಗ ಅವರೂ ಕೋಲು ಹುಡುಕಿದರು. ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ ಕರೆದುಕೊಂಡು ಹೋದೆ. ಮನೆಯಿಂದ ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಬಾಡಿಗೆಯವರೆಲ್ಲ ನಲ್ಲಿಯ ಹತ್ತಿರ ದಾರಿ ಬಿಟ್ಟು ನಿಂತರು. ಹಸು ದೂರದಿಂದಲೇ ಕಿವಿ ಎತ್ತಿತು. ಕೋಲಿನ ಸದ್ದು ಅದಕ್ಕೆ ಹೊಸದು, ಒಂದು ಹೆಜ್ಜೆ ಹಿಂದೆ ಸರಿಯಿತು. ಇವರು ಕೋಲನ್ನು ನನ್ನ ಕೈಗೆ ಕೊಟ್ಟು ಗೋದಲಿಗೆ ಒರಗಿ ನಿಂತರು.

ಎಡಗೈ ಮುಚ್ಚಿತ್ತು. ಚಳಿಗೆ ಇನ್ನೂ ಬಿಗಿದಿತ್ತು. ನಾನು ಬಿಡಿಸಲು ಹೋದೆ, ಬೇಡ ಎಂದು ತಲೆ ಆಡಿಸಿದರು. ಬಾಯಿ ಹತ್ತಿರ ತಂದು ಬಿಸಿ ಉಸಿರು ಊದಿದರು. ಕಾಯುವುದೇ ಆಯಿತು. ಹಸುವೂ ಕಾಯಿತು. ಹೆಬ್ಬೆರಳು ಹೊರಟಿತು, ಆಮೇಲೆ ಉಳಿದವು. ಪೂರ್ತಿ ಚಪ್ಪಟೆ ಆಗಲಿಲ್ಲ. ತುದಿಗಳು ಬಾಗಿಯೇ ಇದ್ದವು, ಮೊರದ ಅಂಚಿನ ಹಾಗೆ. ಆ ಕೈಯನ್ನು ಹಾಗೇ ಅದರ ಹೊಟ್ಟೆಯ ಮೇಲೆ ಇಟ್ಟರು.

ಹಸು ಕತ್ತು ತಿರುಗಿಸಿ ಮೂಸಿತು. ಮಫ್ಲರಿನ ತುದಿಯನ್ನು ಒಂದು ಸಲ ನೆಕ್ಕಿತು.

"ಇಷ್ಟೇ ಬಿಚ್ಚಾದು ಅನ್ನಿಸ್ತದೆ ಕಣೇ," ಅಂದರು, ನನ್ನ ಕಡೆ ನೋಡದೆ. "ಇನ್ ಮುಂದಕ್ಕೆ ಓಗಲ್ಲ."

ಅವರಿಗೂ ಗೊತ್ತಿತ್ತು. ನಾನು ಬಚ್ಚಿಟ್ಟದ್ದು ದಂಡ.

"ಹಸುಗೆ ಇಷ್ಟು ಸಾಕು," ಅಂದೆ. "ಅದೇನು ನಿಮ್ಮ ಬೆರಳು ಎಣಿಸುತ್ತಾ?"

ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂತೆ. ಕೆಚ್ಚಲು ಮುಟ್ಟಿದಾಗಲೇ ಗೊತ್ತಾಯಿತು, ಇಳಿಸಿತ್ತು. ಮೊಲೆಗಳು ತುಂಬಿ ನಿಂತಿದ್ದವು. ಒತ್ತಿದೆ. ಖಾಲಿ ಚೊಂಬಿನ ತಳಕ್ಕೆ ಹಾಲು ಬಿದ್ದು ಸದ್ದಾಯಿತು. ಒದೆಯಲಿಲ್ಲ. ಬಾಲವನ್ನೂ ಬೀಸಲಿಲ್ಲ.

"ಎಳೀಬ್ಯಾಡ ಕಣೇ, ಅಮುಕು. ಬಟ್ಟೆ ಹಿಂಡ್ತಿದ್ದೀಯಾ?"

"ಕೈ ಇಟ್ಕೊಂಡು ಸುಮ್ನೆ ನಿಂತ್ಕೊಳ್ಳಿ. ಅಷ್ಟೇ ನಿಮ್ಮ ಕೆಲಸ."

"ಮೊಲೇನ ಮೇಲಿಂದ ಇಡೀಬೇಕು."

"ನಿಲ್ತೀರಾ, ಬಂದು ಕೂರ್ತೀರಾ?"

ಮಗ ಶಿಫ್ಟಿಗೆ ಹೊರಟವನು ಹೆಲ್ಮೆಟ್ ಕೈಯಲ್ಲಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಚೊಂಬು ತುಂಬಿ ಇನ್ನೊಂದು ಪಾತ್ರೆ ಬೇಕಾಯಿತು, ಅವನೇ ಹೋಗಿ ತಂದ. ಹಬ್ಬ ಕಳೆದರೂ ಆನೇಕಲ್ಲಿನ ಗಾಡಿ ಬರಲಿಲ್ಲ. ಅವರಿಗೆ ಏನು ಹೇಳಿದ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಈಗ ದಿನಾ ಎರಡು ಹೊತ್ತೂ ಹಾಗೇ ನಡೆದಿದೆ. ಅವರು ಕೈ ಇಡುತ್ತಾರೆ, ನಾನು ಕರೆಯುತ್ತೇನೆ, ಅವರು ಬೈಯುತ್ತಾರೆ. ಎಡಗೈಯಲ್ಲಿ ಲೋಟ ಹಿಡಿಯುವುದು ಇನ್ನೂ ಬಂದಿಲ್ಲ. ಫಿಸಿಯೋ ಹುಡುಗಿ ಬರುತ್ತಲೇ ಇದ್ದಾಳೆ, ಸೂಪರ್ ಅನ್ನುತ್ತಲೇ ಇದ್ದಾಳೆ.

ಹೊದಿಕೆಯನ್ನೂ ಮುಗಿಸಿದೆ. ಚಿಕ್ಕ ಚೌಕಗಳ ಸುತ್ತ ಕಂದು ಉಲ್ಲನ್ನಿನಲ್ಲಿ ಅಂಚು ಕೊಟ್ಟು ದೊಡ್ಡವುಗಳ ಸಮಕ್ಕೆ ತಂದೆ. ಕೆಲವಕ್ಕೆ ಒಂದೇ ಸುತ್ತು ಸಾಕಾಯಿತು, ಕೆಲವಕ್ಕೆ ಸುತ್ತಿನ ಮೇಲೆ ಸುತ್ತು. ಬಂದವರು ಇದೊಂದು ಡಿಸೈನು ಅಂದುಕೊಳ್ಳುತ್ತಾರೆ. ಮೊನ್ನೆ ಫಿಸಿಯೋ ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಜ್ಜಿ, ನನ್ನ ಇನ್ನೊಬ್ಬ ಪೇಷೆಂಟ್‌ಗೆ ಇಂಥದ್ದೇ ಒಂದು ಮಾಡ್ಕೊಡ್ತೀರಾ? ಸೈಜ್ ಎಷ್ಟಿದು?" ಎಂದು ಕೇಳಿದಳು.

"ಅವರ ಕೈ ತಗೊಂಡ್ ಬಾ," ಅಂದೆ.

ಮೊಟ್ಟಮೊದಲನೆಯ ಚೌಕ ಮಾತ್ರ ಅದರಲ್ಲಿಲ್ಲ. ಅದು ಎಷ್ಟು ಚಿಕ್ಕದೆಂದರೆ, ಅದಕ್ಕೆ ಅಂಚು ಕೊಡುತ್ತಾ ಹೋದರೆ ಬರೀ ಅಂಚೇ ಆಗುತ್ತಿತ್ತು. ಹಾಲಿನ ಚೊಂಬಿನ ಬಾಯಿಗೆ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಕೊಟ್ಟಿಗೆಯಿಂದ ಅಡುಗೆಮನೆಗೆ ಬರುವಾಗ ನೊಣ ಬೀಳದ ಹಾಗೆ ಅದನ್ನೇ ಮುಚ್ಚಿ ತರುತ್ತೇನೆ.